ಮೂರು ಹಳೇ ಕೂಪೆಗಳು, ಮೂರು ಬಗೆಯ ಹಿಂದಿನ ಆಕ್ಸಲ್: 300 ಎಸ್‌ಎಲ್, ಇ-ಟೈಪ್, ಆರೇಲಿಯಾ ಬಿ20

ಹಿಂಬದಿಗಾಲಿ:

ಯುರೋಪಿನ ಹಳೇ ಕೂಪೆಗಳ, ಅಂದರೆ ಎರಡು ಬಾಗಿಲಿನ ಕಾರುಗಳ, ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಕಡೆ ಹೋಗುತ್ತದೆ. ಯಾವುದು ಚಂದ? ಜಾಗ್ವಾರ್ ಇ-ಟೈಪಾ, ಮರ್ಸಿಡಿಸ್ ಗಲ್‌ವಿಂಗಾ? ಎರಡೂ ಚಂದವೇ, ಅದರಲ್ಲಿ ತಕರಾರಿಲ್ಲ. ಆದರೆ ಈ ಕಾರುಗಳನ್ನು ನಿಜವಾಗಿ ಹೋಲಿಸಬೇಕಾದ ಜಾಗ ಹಿಂದಿನ ಎರಡು ಚಕ್ರಗಳ ನಡುವೆ ಇದೆ ಅಂತ ನನ್ನ ವಾದ.

1950ರ ದಶಕದಲ್ಲಿ ಎಂಜಿನ್‌ಗಳ ಶಕ್ತಿ ಬೇಗ ಬೇಗ ಏರಿತು. ಅಷ್ಟೂ ಶಕ್ತಿಯನ್ನು ರಸ್ತೆಗೆ ಇಳಿಸುವ ಕೆಲಸ ಹಿಂದಿನ ಆಕ್ಸಲ್‌ನದು. ಒಂದೇ ಉದ್ದನೆಯ ಹೌಸಿಂಗ್ ಇರುವ ಗಟ್ಟಿ ಆಕ್ಸಲ್ ಭಾರ ಜಾಸ್ತಿ. ಹಳ್ಳ ಸಿಕ್ಕರೆ ಒಂದು ಚಕ್ರದ ಏಟು ಇನ್ನೊಂದಕ್ಕೂ ಬೀಳುತ್ತದೆ. ಹಾಗಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಜರ್ಮನಿ, ಇಂಗ್ಲೆಂಡ್, ಇಟಲಿ ಮೂರೂ ಬೇರೆ ಬೇರೆ ಉತ್ತರ ಕೊಟ್ಟವು.

ಮರ್ಸಿಡಿಸ್ 300 ಎಸ್‌ಎಲ್ 1954ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಹೊರಬಂತು. ಬಾಗಿಲು ರೆಕ್ಕೆಯ ಹಾಗೆ ಮೇಲಕ್ಕೆ ತೆರೆಯುವುದರಿಂದ ಅದಕ್ಕೇ ಗಲ್‌ವಿಂಗ್ ಅನ್ನುತ್ತಾರೆ. ಅದಕ್ಕೆ ಸ್ವಿಂಗ್ ಆಕ್ಸಲ್. ಡಿಫರೆನ್ಶಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಪೆಟ್ಟಿಗೆ) ಹತ್ತಿರ ಮಾತ್ರ ಕೀಲು, ಅಲ್ಲಿಂದ ಚಕ್ರದವರೆಗೆ ಆಕ್ಸಲ್ ಗಟ್ಟಿ. ಚಕ್ರ ಮೇಲೆ ಕೆಳಗೆ ಆಡಿದರೆ ಅದರ ವಾಲುವಿಕೆಯೂ ಬದಲಾಗುತ್ತದೆ.

ಜಾಗ್ವಾರ್ ಇ-ಟೈಪ್ 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಕಾಣಿಸಿಕೊಂಡಿತು. ಕೆಳಗೆ ಒಂದು ಅಡ್ಡ ತೋಳು. ಮೇಲಿನ ತೋಳಿನ ಕೆಲಸ ಚಕ್ರ ತಿರುಗಿಸುವ ದಂಡ, ಅಂದರೆ ಡ್ರೈವ್ ಶಾಫ್ಟೇ ಮಾಡುತ್ತದೆ. ಒಂದೊಂದು ಚಕ್ರಕ್ಕೂ ಎರಡೆರಡು ಸ್ಪ್ರಿಂಗ್, ಎರಡೆರಡು ಡ್ಯಾಂಪರ್ (ಶಾಕ್ ಅಬ್ಸಾರ್ಬರ್). ಬ್ರೇಕ್ ಡಿಸ್ಕ್ ಚಕ್ರದ ಬಳಿ ಇಲ್ಲ, ಒಳಗೆ ಡಿಫರೆನ್ಶಿಯಲ್ ಪಕ್ಕ ಇದೆ.

ಇಟಲಿಯ ಲಾಂಚಿಯಾ ಆರೇಲಿಯಾ ಬಿ20 ಈ ಎರಡಕ್ಕೂ ಮುಂಚೆ, 1951ರಲ್ಲೇ ಬಂತು. ಅದರಲ್ಲಿ ಗೇರ್‌ಬಾಕ್ಸ್, ಕ್ಲಚ್, ಡಿಫರೆನ್ಶಿಯಲ್, ಹಿಂದಿನ ಬ್ರೇಕ್ ಎಲ್ಲವೂ ಒಂದೇ ಗಂಟಾಗಿ ಕಾರಿನ ಹಿಂಬದಿಯಲ್ಲಿ. ಮುಂದೆ ಇರುವುದು ಬರೀ ಎಂಜಿನ್. ಅದು ಉತ್ಪಾದನೆಗೆ ಬಂದ ಮೊದಲ ವಿ6, ಅಂದರೆ ವಿ ಆಕಾರದಲ್ಲಿ ಎರಡು ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್.

ನನ್ನ ಮತ ಮೊದಲೇ ಹೇಳಿಬಿಡುತ್ತೇನೆ. ಈ ಮೂರರಲ್ಲಿ ಅತಿ ಮುಂದಾಲೋಚನೆಯ ಕಾರು ಲಾಂಚಿಯಾ. ಫೋಟೋಗಳಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಒಪ್ಪದವರು ದಯವಿಟ್ಟು ಕಾರಣ ಸಮೇತ ಬರೆಯಿರಿ.

ಸ್ಟುಟ್‌ಗಾರ್ಟ್ ಕನ್ನಡಿಗ:

ಒಳ್ಳೇ ಚರ್ಚೆ ಶುರು ಮಾಡಿದ್ದೀರಿ. ಆದರೆ 300 ಎಸ್‌ಎಲ್ ಅನ್ನು ಬರೀ ಹಿಂದಿನ ಆಕ್ಸಲ್‌ನಿಂದ ಅಳೆದರೆ ಅದಕ್ಕೆ ಅನ್ಯಾಯ ಆಗುತ್ತದೆ. ಇಲ್ಲಿನ ಮರ್ಸಿಡಿಸ್ ಮ್ಯೂಸಿಯಂನಲ್ಲಿ ಆ ಕಾರಿನ ಮುಂದೆ ನಿಂತವರೆಲ್ಲ ಬಾಗಿಲಿನ ಫೋಟೋ ತೆಗೆಯುತ್ತಾರೆ. ಆ ಬಾಗಿಲು ಶೋಕಿಗೆ ಮಾಡಿದ್ದಲ್ಲ.

ಮರ್ಸಿಡಿಸ್ ಎಂಜಿನಿಯರ್ ರುಡಾಲ್ಫ್ ಊಲೆನ್‌ಹೌಟ್ ಅವರ ತಂಡ 1952ರ ರೇಸ್ ಕಾರಿಗೆ ಸಣ್ಣ ಸಣ್ಣ ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದು ಚೌಕಟ್ಟು ಮಾಡಿತು. ಅಂಥ ಚೌಕಟ್ಟಿನಲ್ಲಿ ಯಾವ ಪೈಪೂ ಬಾಗುವುದಿಲ್ಲ. ಎಳೆತ ಇಲ್ಲವೇ ಒತ್ತಡ, ಎರಡರಲ್ಲಿ ಒಂದನ್ನು ಮಾತ್ರ ತಡೆದುಕೊಳ್ಳುತ್ತದೆ. ಹಾಗಾಗಿ ತೂಕ ಕಡಿಮೆ, ಗಟ್ಟಿತನ ಜಾಸ್ತಿ. ಆದರೆ ಗಟ್ಟಿತನ ಬರಬೇಕಾದರೆ ಪಕ್ಕದಲ್ಲೂ ಪೈಪುಗಳು ಎತ್ತರಕ್ಕೆ ಬರಬೇಕು. ಮಾಮೂಲಿ ಬಾಗಿಲು ಇಡಲು ಜಾಗವೇ ಉಳಿಯಲಿಲ್ಲ. ಬಾಗಿಲನ್ನು ಛಾವಣಿಗೆ ತೂಗುಹಾಕಿದರು. ಎತ್ತರದ ಹೊಸ್ತಿಲು ದಾಟಿ ಒಳಗೆ ಕೂರಲು ಮುಂದೆ ರಸ್ತೆಯ ಕಾರಿನಲ್ಲಿ ಸ್ಟೀರಿಂಗ್ ಚಕ್ರವನ್ನೂ ಮಡಚುವ ಹಾಗೆ ಮಾಡಿದರು. ಆ ರೇಸ್ ಕಾರು ಅದೇ ವರ್ಷ ಫ್ರಾನ್ಸಿನ 24 ಗಂಟೆಗಳ ರೇಸ್ ಲೆ ಮಾನ್ಸ್ ಗೆದ್ದಿತು, ಮೆಕ್ಸಿಕೋದ ಕರೇರಾ ಪಾನಮೆರಿಕಾನಾ ರೇಸನ್ನೂ ಗೆದ್ದಿತು. ಅದನ್ನು ರಸ್ತೆಗೆ ತರಲು ಒತ್ತಾಯ ಮಾಡಿದವರು ಅಮೆರಿಕದ ಆಮದುದಾರ ಮ್ಯಾಕ್ಸ್ ಹಾಫ್‌ಮನ್.

ಎಂಜಿನ್ ಕಥೆಯೂ ಹೀಗೇ. 3 ಲೀಟರ್‌ನ ನೇರ ಆರು ಸಿಲಿಂಡರ್ ಎಂಜಿನ್ ಎತ್ತರ. ಬಾನೆಟ್ ತಗ್ಗಿಸಬೇಕು ಅಂತ ಅದನ್ನು ಒಂದು ಪಕ್ಕಕ್ಕೆ ವಾಲಿಸಿ ಕೂರಿಸಿದರು. ಕೆಳಗಿನ ಎಣ್ಣೆ ತೊಟ್ಟಿ ತೆಗೆದು, ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿ ಇಡುವ ಡ್ರೈ ಸಂಪ್ ಮಾಡಿದರು. ಅಂದರೆ ಆ ಕಾರಿನ ಹೊರ ಆಕಾರದ ಅರ್ಧ ತೀರ್ಮಾನ ಒಳಗಿನ ಲೋಹವೇ ಮಾಡಿದ್ದು. ನನಗೆ ಆ ಕಾರು ಇಷ್ಟವಾಗುವುದು ಇದಕ್ಕೇ.

ಆಡುಗೋಡಿ ಹಳಬ:

ಇಂಧನ ಚಿಮ್ಮಿಸುವ ಪಂಪಿನ ವಿಷಯ ಯಾರೂ ಎತ್ತಲಿಲ್ಲವಲ್ಲ! 300 ಎಸ್‌ಎಲ್‌ನ ನಿಜವಾದ ಹೊಸತನ ಅಲ್ಲಿದೆ. ನಾಲ್ಕು ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗೆ ನೇರವಾಗಿ ಸಿಲಿಂಡರ್ ಒಳಗೆ ಇಂಧನ ಚಿಮ್ಮಿಸಿದ ಮೊದಲ ಉತ್ಪಾದನಾ ಕಾರು ಅದು. ಪಂಪು ಬಾಷ್ ಕಂಪನಿಯದು.

ನಾನು ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್‌ನ ಭಾರತೀಯ ಕಂಪನಿ ಮೈಕೋದಲ್ಲಿ ಡೀಸೆಲ್ ಪಂಪಿನ ಪ್ಲಂಜರ್ (ಇಂಧನ ಒತ್ತುವ ಸಣ್ಣ ದಂಡ), ಬ್ಯಾರಲ್ (ಅದು ಆಡುವ ಕೊಳವೆ) ಕೆಲಸ ಮಾಡಿದವನು. 300 ಎಸ್‌ಎಲ್ ಪಂಪಿನ ಬಿಡಿ ಚಿತ್ರ ನೋಡಿದರೆ ನಮ್ಮ ಕಾಲದ ಇನ್‌ಲೈನ್ ಡೀಸೆಲ್ ಪಂಪಿನ ನೆಂಟ ಅಂತ ತಕ್ಷಣ ಗೊತ್ತಾಗುತ್ತದೆ. ಒಂದು ಸಾಲಿನಲ್ಲಿ ಆರು ಪ್ಲಂಜರ್, ಸಿಲಿಂಡರಿಗೆ ಒಂದೊಂದು. ಪ್ಲಂಜರ್ ಮೈಮೇಲೆ ಓರೆಯಾಗಿ ಕೊರೆದ ತೋಡು (ಗ್ರೂವ್) ಇರುತ್ತದೆ. ಪ್ಲಂಜರ್ ಮೇಲೆ ಹೋಗುವ ದೂರ ಯಾವಾಗಲೂ ಅಷ್ಟೇ. ಆದರೆ ಹಲ್ಲಿನ ಪಟ್ಟಿ, ಅಂದರೆ ರ‍್ಯಾಕ್, ಅದನ್ನು ಸ್ವಲ್ಪ ತಿರುಗಿಸಿದರೆ ಆ ಓರೆ ತೋಡು ಬೇಗ ಅಥವಾ ತಡವಾಗಿ ಬ್ಯಾರಲ್ಲಿನ ರಂಧ್ರಕ್ಕೆ ಸಿಗುತ್ತದೆ. ಸಿಕ್ಕಿದ ಕ್ಷಣ ಒತ್ತಡ ಇಳಿಯುತ್ತದೆ, ಚಿಮ್ಮುವುದು ನಿಲ್ಲುತ್ತದೆ. ಎಷ್ಟು ಇಂಧನ ಅನ್ನುವುದು ಅಷ್ಟರಲ್ಲೇ ತೀರ್ಮಾನ.

ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಕೆಲವೇ ಮೈಕ್ರಾನ್. ಎರಡನ್ನೂ ಜೋಡಿಯಾಗಿಯೇ ಲ್ಯಾಪಿಂಗ್ ಮಾಡುತ್ತಾರೆ, ಅಂದರೆ ಉಜ್ಜಿ ನಯ ಮಾಡುತ್ತಾರೆ. ಒಂದು ಜೋಡಿಯ ಪ್ಲಂಜರನ್ನು ಇನ್ನೊಂದರ ಬ್ಯಾರಲ್‌ಗೆ ಹಾಕುವ ಹಾಗಿಲ್ಲ. ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡರೆ ಮೈ ಬಿಸಿಗೆ ಪ್ಲಂಜರ್ ಹಿಗ್ಗಿ ಬ್ಯಾರಲ್ ಒಳಗೆ ಇಳಿಯಲು ತಕರಾರು ಮಾಡುತ್ತದೆ. ಅಷ್ಟು ನಾಜೂಕು.

ಡೀಸೆಲ್‌ಗೆ ಜಿಡ್ಡು ಇರುತ್ತದೆ, ಪ್ಲಂಜರಿಗೆ ಅದೇ ಎಣ್ಣೆ. ಪೆಟ್ರೋಲ್‌ಗೆ ಆ ಗುಣ ಇಲ್ಲ. ಹಾಗಾಗಿ ಪೆಟ್ರೋಲ್ ಪಂಪಿಗೆ ಬೇರೆ ಎಣ್ಣೆಯ ವ್ಯವಸ್ಥೆ ಬೇಕು. ಇನ್ನೊಂದು ತೊಂದರೆಯೂ ಇತ್ತು. ಪಂಪು ಎಂಜಿನ್ನಿನ ತಿರುಗುವಿಕೆಗೆ ಕಟ್ಟಿದ್ದು. ಕೀ ತಿರುಗಿಸಿ ಇಗ್ನಿಷನ್ ಆಫ್ ಮಾಡಿದರೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಪಂಪು ಪೆಟ್ರೋಲ್ ಹಾಕುತ್ತಲೇ ಇರುತ್ತದೆ. ಕಿಡಿ ಇಲ್ಲ, ಉರಿಯುವುದಿಲ್ಲ. ಆ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದುಕೊಂಡು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡ್ರೈ ಸಂಪ್‌ನ ದೊಡ್ಡ ಟ್ಯಾಂಕಿನ ಆಯಿಲ್ ಪೇಟೆಯ ಸಣ್ಣ ಓಡಾಟದಲ್ಲಿ ಬಿಸಿಯೇ ಆಗುವುದಿಲ್ಲ, ಸೇರಿದ ಪೆಟ್ರೋಲ್ ಆವಿಯಾಗಿ ಹೋಗುವುದೂ ಇಲ್ಲ. ಆ ಕಾರಿಗೆ ಪದೇ ಪದೇ ಆಯಿಲ್ ಬದಲಾಯಿಸಬೇಕಾಗಿದ್ದು ಇದಕ್ಕೆ.

ಇಷ್ಟೆಲ್ಲ ಇದ್ದರೂ ಆ ಪಂಪಿನಿಂದ 215 ಅಶ್ವಶಕ್ತಿ ಬಂತು. 1954ರಲ್ಲಿ, 3 ಲೀಟರಿಗೆ! ನನ್ನ ಲೆಕ್ಕದಲ್ಲಿ ಆ ಕಾಲದ ಅತಿ ದೊಡ್ಡ ಕೈಚಳಕ ಅದೇ.

ಹಿಂಬದಿಗಾಲಿ:

ಆಡುಗೋಡಿ ಸರ್, ಇದನ್ನು ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಪಂಪಿನ ವಿಷಯದಲ್ಲಿ ನಿಮ್ಮ ಮಾತಿಗೆ ಎದುರು ಮಾತಿಲ್ಲ. ಆದರೆ ಅಷ್ಟು ಶಕ್ತಿ ಬಂದಿದ್ದರಿಂದಲೇ ಹಿಂದಿನ ಆಕ್ಸಲ್‌ನ ಕೊರತೆ ಎದ್ದು ಕಂಡಿತು, ಅಲ್ವಾ?

ತಿರುವುದಾರಿ:

ನಾನು ಮಂಗಳೂರಿನವಳು, ಸಸ್ಪೆನ್ಷನ್ ಲೆಕ್ಕಾಚಾರವೇ ನನ್ನ ಕೆಲಸ. ಸ್ವಿಂಗ್ ಆಕ್ಸಲ್ ಯಾಕೆ ಅಪಾಯ ಅಂತ ಸ್ವಲ್ಪ ಹೇಳುತ್ತೇನೆ.

ಕಾರು ತಿರುವಿನಲ್ಲಿದೆ ಅಂದುಕೊಳ್ಳಿ. ಹೊರಗಿನ ಚಕ್ರವನ್ನು ರಸ್ತೆ ಪಕ್ಕದಿಂದ ಒಳಕ್ಕೆ ತಳ್ಳುತ್ತಿರುತ್ತದೆ. ಆ ಬಲ ನೆಲದ ಮಟ್ಟದಲ್ಲಿ ಬೀಳುತ್ತದೆ. ಆಕ್ಸಲ್‌ನ ಕೀಲು ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಆ ಬಲದ ಒಂದು ಪಾಲು ಕಾರಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಹಿಂಭಾಗ ಎದ್ದಷ್ಟೂ ಚಕ್ರದ ಕೆಳಭಾಗ ಒಳಕ್ಕೆ ಮಡಚಿಕೊಳ್ಳುತ್ತದೆ. ಟೈರು ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಕಡಿಮೆಯಾಗುತ್ತದೆ.

ಡ್ರೈವರ್ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಇನ್ನೂ ಕೆಟ್ಟದು. ಭಾರ ಮುಂದಕ್ಕೆ ಸರಿಯುತ್ತದೆ, ಹಿಂಭಾಗ ಇನ್ನಷ್ಟು ಏಳುತ್ತದೆ, ಮರುಕ್ಷಣ ಕಾರು ಹಿಂದುಮುಂದು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಒಳಗೆ ಹೋದ ಮೇಲೆ ಹಗುರವಾಗಿ ಆಕ್ಸಿಲರೇಟರ್ ಒತ್ತಿಕೊಂಡೇ ಇರಬೇಕು. 300 ಎಸ್‌ಎಲ್ ಓಡಿಸುವವರಿಗೆ ಇದು ಮೊದಲ ಪಾಠ.

ನಮ್ಮ ಕಡೆಯ ಹಿರಿಯರಿಗೆ ಇದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿಸಿದರೆ ಸಾಕು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಆ ಕಾರಿಗೂ ಹಿಂದೆ ಸ್ವಿಂಗ್ ಆಕ್ಸಲ್, ಅಡ್ಡಕ್ಕೆ ಒಂದೇ ಲೀಫ್ ಸ್ಪ್ರಿಂಗ್. ಹಿಂಭಾಗವನ್ನು ಜ್ಯಾಕ್ ಹಾಕಿ ಎತ್ತಿದರೆ ಎರಡೂ ಚಕ್ರಗಳ ಕೆಳಭಾಗ ಒಳಕ್ಕೆ ಜೋತುಬೀಳುತ್ತಿತ್ತು. ಮೇಲೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವುದು ಅಲ್ಲೇ. ಹೆರಾಲ್ಡ್‌ನ ಶಕ್ತಿ ಕಡಿಮೆ. 300 ಎಸ್‌ಎಲ್ ಗಂಟೆಗೆ 200 ಕಿಲೋಮೀಟರ್ ದಾಟುವ ಕಾರು.

ಮರ್ಸಿಡಿಸ್‌ನವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. 1957ರಲ್ಲಿ ಅದರ ತೆರೆದ ಛಾವಣಿಯ ಮಾದರಿ, ರೋಡ್‌ಸ್ಟರ್ ಬಂದಾಗ ಎರಡು ಕೀಲಿನ ಬದಲು ಡಿಫರೆನ್ಶಿಯಲ್ ಕೆಳಗೆ ಒಂದೇ ಕೀಲು ಇಟ್ಟರು. ಕೀಲು ತಗ್ಗಿತು, ಎತ್ತುವ ಬಲ ಕಡಿಮೆಯಾಯಿತು, ಆಕ್ಸಲ್ ಉದ್ದವಾಗಿ ಚಕ್ರ ವಾಲುವುದೂ ಕಡಿಮೆಯಾಯಿತು. ಆದರೆ ಅಷ್ಟರಲ್ಲಿ 1,400 ಗಲ್‌ವಿಂಗ್ ಕೂಪೆಗಳು ತಯಾರಾಗಿ ಮುಗಿದಿದ್ದವು.

ಹುಬ್ಬಳ್ಳಿ ಗ್ಯಾರೇಜ್:

ಮೇಡಂ ಹೇಳಿದ್ದು ಪಕ್ಕಾ. ಹೆರಾಲ್ಡ್ ಮಾತು ಬಂತಲ್ಲ, ಇ-ಟೈಪ್‌ಗೂ ಹೆರಾಲ್ಡ್‌ಗೂ ಇನ್ನೊಂದು ಹೋಲಿಕೆ ಇದೆ. ಎರಡರಲ್ಲೂ ಬಾನೆಟ್, ಮಡ್‌ಗಾರ್ಡ್ ಎಲ್ಲಾ ಒಂದೇ ತುಂಡು, ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೆಕ್ಯಾನಿಕ್‌ಗೆ ಇದಕ್ಕಿಂತ ಸುಖ ಇಲ್ಲ. ಟೈರಿನ ಮೇಲೆ ಕೂತು ಕಾರ್ಬುರೇಟರ್ ಕೆಲಸ ಮಾಡಬಹುದು.

ಟಿಂಕರಿಂಗ್ ಮಾಡುವವನಿಗೆ ಮಾತ್ರ ಅದೇ ಕಷ್ಟ. ಮುಂದೆ ಎಲ್ಲಾದರೂ ಸಣ್ಣದಾಗಿ ತಾಗಿದರೂ ಇಡೀ ಬಾನೆಟ್ ಅಲೈನ್‌ಮೆಂಟ್ ಹೋಗುತ್ತದೆ. ಬಾಗಿಲಿನ ಹತ್ತಿರದ ಸಂದು ಎರಡೂ ಕಡೆ ಒಂದೇ ಸಮ ತರಬೇಕಾದರೆ ಸಾಕುಸಾಕಾಗುತ್ತದೆ.

ಇ-ಟೈಪ್‌ನ ಹಿಂದಿನ ಬ್ರೇಕ್ ಬಗ್ಗೆಯೂ ಹೇಳಬೇಕು. ಡಿಸ್ಕ್ ಒಳಗೆ ಇಟ್ಟಿದ್ದರಿಂದ ಚಕ್ರದ ಭಾರ ಕಡಿಮೆ, ಸರಿ. ಆದರೆ ಡಿಸ್ಕಿನ ಬಿಸಿ ನೇರವಾಗಿ ಡಿಫರೆನ್ಶಿಯಲ್‌ಗೆ ಹೋಗುತ್ತದೆ. ಆಯಿಲ್ ಸೀಲ್ ಗಟ್ಟಿಯಾಗಿ ಸೋರಲು ಶುರು. ಸೋರಿದ ಆಯಿಲ್ ಡಿಸ್ಕಿನ ಮೇಲೆ. ಕೆಲಸ ಸರಿಯಾಗಿ ಮಾಡಬೇಕು ಅಂದರೆ ಇಡೀ ಹಿಂದಿನ ಪಂಜರವನ್ನೇ ಕೆಳಗೆ ಇಳಿಸಬೇಕು. ಇಳಿಸಿದ ಮೇಲೆ ಮಾತ್ರ ಎಲ್ಲಾ ಕೈಗೆ ಸಿಗುತ್ತದೆ. ಚಕ್ರದ ಪಕ್ಕ ಡಿಸ್ಕ್ ಇದ್ದಿದ್ದರೆ ಅರ್ಧ ಗಂಟೆಯ ಕೆಲಸ.

ವಿನ್ಯಾಸ ಅಂದರೆ ರಿಪೇರಿ ಮಾಡುವವನ ಕೈಯೂ ಲೆಕ್ಕಕ್ಕೆ ಬರಬೇಕಲ್ರೀ?

ತಿರುವುದಾರಿ:

ಬರಬೇಕು ಅಣ್ಣ, ಖಂಡಿತ. ಆದರೆ ಆ ಪಂಜರ ಇದೆಯಲ್ಲ, ಅದರಲ್ಲೇ ಜಾಗ್ವಾರ್ ಎಂಜಿನಿಯರ್ ಬಾಬ್ ನೈಟ್ ಅವರ ಜಾಣತನ ಇರುವುದು. ಡಿಫರೆನ್ಶಿಯಲ್, ಬ್ರೇಕ್, ತೋಳುಗಳು, ನಾಲ್ಕು ಸ್ಪ್ರಿಂಗ್ ಎಲ್ಲವನ್ನೂ ಒತ್ತಿ ರೂಪಿಸಿದ ಉಕ್ಕಿನ ತಗಡಿನ ಪಂಜರದಲ್ಲಿ ಸೇರಿಸಿ, ಪಂಜರವನ್ನು ರಬ್ಬರ್ ಮೌಂಟ್‌ಗಳ ಮೂಲಕ ಬಾಡಿಗೆ ಕಟ್ಟಿದರು. ಗೇರಿನ ಸದ್ದು, ರಸ್ತೆಯ ಸದ್ದು ಎರಡೂ ರಬ್ಬರಿನಲ್ಲೇ ನಿಂತುಬಿಡುತ್ತವೆ. ಆ ಕಾಲದ ಸ್ಪೋರ್ಟ್ಸ್ ಕಾರಿನಲ್ಲಿ ಇಷ್ಟು ನಯ ಅಪರೂಪ. ಅದೇ ವಿನ್ಯಾಸವನ್ನು ಜಾಗ್ವಾರ್ ಮುಂದೆ ತನ್ನ ಎಕ್ಸ್‌ಜೆ ಕಾರುಗಳಿಗೂ ಬಳಸಿತು. ಚೆನ್ನಾಗಿಲ್ಲದಿದ್ದರೆ ಅಷ್ಟು ಕಾಲ ಉಳಿಯುತ್ತಿರಲಿಲ್ಲ.

ಡ್ರೈವ್ ಶಾಫ್ಟನ್ನೇ ಮೇಲಿನ ತೋಳು ಮಾಡಿದ್ದರಿಂದ ಒಂದು ಬಿಡಿಭಾಗವೇ ಉಳಿಯಿತು. ಹೀಗೆ ಉಳಿಸಿದ್ದೆಲ್ಲ ಸೇರಿಯೇ ಇ-ಟೈಪ್ ಕೂಪೆ ಇಂಗ್ಲೆಂಡಿನಲ್ಲಿ ತೆರಿಗೆ ಸೇರಿ 2,200 ಪೌಂಡಿನ ಆಸುಪಾಸಿಗೆ ಸಿಕ್ಕಿತು. ಆಸ್ಟನ್ ಮಾರ್ಟಿನ್ ಡಿಬಿ4ರ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೆಲೆಯೂ ಎಂಜಿನಿಯರಿಂಗ್‌ನ ಭಾಗವೇ.

ಗಾಳಿತಂಪು:

ಯಾರೂ ಪೋರ್ಷೆ 911 ಹೆಸರು ಹೇಳಲಿಲ್ಲ. 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ 901 ಅಂತ ತೋರಿಸಿದ ಕಾರು ಇವತ್ತಿಗೂ ಅದೇ ಗೆರೆಯಲ್ಲಿ ಬರುತ್ತಿದೆ. ಹಿಂದಿನ ಆಕ್ಸಲ್ ಹಿಂದೆ ಎಂಜಿನ್ ನೇತುಹಾಕಿಯೂ ಗೆದ್ದ ಕಾರು ಅದು.

ಹಿಂಬದಿಗಾಲಿ:

911 ನನಗೂ ಇಷ್ಟ. ಆದರೆ ಅದು ಹುಟ್ಟಿನಿಂದ ಸರಿ ಇದ್ದ ಕಾರಲ್ಲ, ತಿದ್ದಿ ತಿದ್ದಿ ಸರಿಮಾಡಿದ ಕಾರು. ಶುರುವಿನ ಕೆಲವು ಕಾರುಗಳಲ್ಲಿ ಮುಂದಿನ ಬಂಪರ್ ಒಳಗೆ ಎರಡೂ ಬದಿಗೆ 11 ಕಿಲೋದ ಕಬ್ಬಿಣದ ತುಂಡು ಇಟ್ಟಿದ್ದರು, ಮುಂಭಾಗ ನೆಲ ಬಿಡದಿರಲಿ ಅಂತ. 1969ರ ಮಾದರಿಗೆ ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಎಂಜಿನ್ ಇದ್ದಲ್ಲೇ ಇತ್ತು. ಅಷ್ಟರಿಂದಲೇ ಕಾರಿನ ಸ್ವಭಾವ ಎಷ್ಟೋ ಸುಧಾರಿಸಿತು. ಅದಕ್ಕೆ ಬೇರೆಯೇ ಚರ್ಚೆ ಬೇಕು, ನೀವೇ ಶುರು ಮಾಡಿ. ಖಂಡಿತ ಬರುತ್ತೇನೆ.

ಸ್ಟುಟ್‌ಗಾರ್ಟ್ ಕನ್ನಡಿಗ:

ಇ-ಟೈಪ್‌ನ ಆಕಾರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದನ್ನು ರೂಪಿಸಿದ ಮ್ಯಾಲ್ಕಮ್ ಸೇಯರ್ ವಿಮಾನ ಕಂಪನಿಯಿಂದ ಬಂದವರು. ಗೆರೆಗಳನ್ನು ಕಣ್ಣಂದಾಜಿನಲ್ಲಿ ಎಳೆಯುತ್ತಿರಲಿಲ್ಲ. ಗಣಿತದಿಂದ ಬಿಂದುಗಳನ್ನು ಲೆಕ್ಕಹಾಕಿ, ದೊಡ್ಡ ಹಾಳೆಯ ಮೇಲೆ ಗುರುತು ಮಾಡಿ ಸೇರಿಸುತ್ತಿದ್ದರು. 1955, 56, 57ರಲ್ಲಿ ಲೆ ಮಾನ್ಸ್ ಗೆದ್ದ ಡಿ-ಟೈಪ್ ಕೂಡ ಅವರದೇ. ಅದರ ರಚನೆಯೂ ಇ-ಟೈಪ್‌ಗೆ ಇಳಿದು ಬಂತು. ಮಧ್ಯದಲ್ಲಿ ತಗಡಿನದೇ ಗಟ್ಟಿ ಪೆಟ್ಟಿಗೆ, ಮುಂದೆ ಎಂಜಿನ್ ಹೊರಲು ಚೌಕ ಪೈಪುಗಳ ಚೌಕಟ್ಟು, ಎರಡನ್ನೂ ಸೇರಿಸುವುದು ಬೋಲ್ಟುಗಳು. 300 ಎಸ್‌ಎಲ್‌ನಂತೆ ಪಕ್ಕದಲ್ಲಿ ಪೈಪು ಎತ್ತರಕ್ಕೆ ಬರುವುದಿಲ್ಲ, ಹಾಗಾಗಿ ಮಾಮೂಲಿ ಬಾಗಿಲು ಸಾಧ್ಯವಾಯಿತು. ಏಳು ವರ್ಷದಲ್ಲಿ ರಚನೆ ಎಷ್ಟು ಬದಲಾಯಿತು ನೋಡಿ.

ಹಾಗೆ ನೋಡಿದರೆ ಲಾಂಚಿಯಾದ ಆಕಾರದಲ್ಲಿ ಅಂಥದ್ದೇನಿದೆ? ಸುಮ್ನೆ ಒಂದು ಸಾದಾ ಕಾರಿನ ಹಾಗೆ ಕಾಣುತ್ತದೆ.

ಹಿಂಬದಿಗಾಲಿ:

ಸಾದಾ ಅನ್ನಿಸುವುದು ನಿಜ. ಬಾಗಿಲಿನ ಹತ್ತಿರದಿಂದ ಹಿಂದಿನ ಬಂಪರಿನವರೆಗೆ ಒಂದೇ ಇಳಿಜಾರು. ಕ್ರೋಮ್ ಕಡಿಮೆ. ಆದರೆ ಅದರ ಹಿಂಬದಿಯ ಲೆಕ್ಕ ಕೇಳಿ.

ಮಾಮೂಲಿ ಕಾರಿನಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರೂ ಮುಂದೆ. ಮುಂಭಾಗ ಭಾರ, ಹಿಂದಿನ ಚಕ್ರಕ್ಕೆ ಹಿಡಿತ ಸಾಲದು. ಲಾಂಚಿಯಾದವರು ಕ್ಲಚ್ ಸಮೇತ ಗೇರ್‌ಬಾಕ್ಸನ್ನು ಹಿಂದಕ್ಕೆ ಕಳಿಸಿದರು. ಭಾರ ಮುಂದೆ ಹಿಂದೆ ಹಂಚಿಹೋಯಿತು. ಆ ಗಂಟು ಇರುವುದು ಬಾಡಿಯ ಮೇಲೆ, ಚಕ್ರದ ಮೇಲಲ್ಲ. ಬ್ರೇಕ್ ಡ್ರಮ್ಮೂ ಒಳಗೇ. ಹಾಗಾಗಿ ಚಕ್ರದ ಜೊತೆ ಕುಣಿಯುವ ಭಾರ ಬಹಳ ಕಡಿಮೆ. ಇ-ಟೈಪ್ ಬರುವುದಕ್ಕೆ 10 ವರ್ಷ ಮುಂಚಿನ ಮಾತು ಇದು.

ಮುಂದೆ ಉಳಿದ ಎಂಜಿನ್ ಕೂಡ ಗಿಡ್ಡವಾಗಬೇಕಿತ್ತು. ಫ್ರಾನ್ಚೆಸ್ಕೊ ದೆ ವಿರ್ಜಿಲಿಯೊ ಅನ್ನುವ ಎಂಜಿನಿಯರ್ ವರ್ಷಗಟ್ಟಲೆ ವಿ6ರ ಅದುರುವಿಕೆಯ ಲೆಕ್ಕ ಮಾಡಿ, ಎರಡು ಸಾಲಿನ ನಡುವೆ 60 ಡಿಗ್ರಿ ಕೋನವೇ ಸರಿ ಅಂತ ತೀರ್ಮಾನಿಸಿದರು. ಆರೂ ಪಿಸ್ಟನ್‌ಗೆ ಬೇರೆ ಬೇರೆ ಕ್ರ್ಯಾಂಕ್ ಪಿನ್ (ಪಿಸ್ಟನ್ನಿನ ರಾಡ್ ಹಿಡಿಯುವ ಗೂಟ) ಕೊಟ್ಟರೆ ಸಿಲಿಂಡರ್‌ಗಳು ಸಮನಾದ ಅಂತರದಲ್ಲಿ ಹೊಡೆಯುತ್ತವೆ. ಎಂಜಿನ್ ನಯವಾಗಿ ತಿರುಗುತ್ತದೆ. ಇವತ್ತು ರಸ್ತೆಯಲ್ಲಿ ಓಡುವ ಎಷ್ಟೋ ವಿ6ಗಳದು ಇದೇ ಕೋನ. ಲಾಂಚಿಯಾದ ಹಿರಿಯ ಎಂಜಿನಿಯರ್ ವಿಟ್ಟೋರಿಯೊ ಯಾನೊ ಅವರ ಮೇಲ್ವಿಚಾರಣೆಯಲ್ಲಿ ಈ ಕೆಲಸ ನಡೆಯಿತು.

ಶಕ್ತಿ ಎಷ್ಟು ಅಂತೀರಾ? ಮೊದಲ ಬಿ20ಗೆ 1,991 ಸಿಸಿ, 75 ಅಶ್ವಶಕ್ತಿ. ಕೇಳಲು ಏನೂ ಅಲ್ಲ. ಆದರೆ 1951ರ ಮಿಲ್ಲೆ ಮಿಲಿಯಾ ರೇಸಿನಲ್ಲಿ ಜೊವಾನಿ ಬ್ರಾಕೊ, ಉಂಬರ್ಟೊ ಮಾಲ್ಯೋಲಿ ಇದೇ ಕಾರಿನಲ್ಲಿ ಒಟ್ಟಾರೆ ಎರಡನೇ ಸ್ಥಾನ ಪಡೆದರು. ಅವರ ಮುಂದಿದ್ದುದು 4.1 ಲೀಟರ್‌ನ ಒಂದು ಫೆರಾರಿ ಮಾತ್ರ. ಎರಡರಷ್ಟು ದೊಡ್ಡ ಎಂಜಿನ್! ಇಟಲಿಯ ಮಾಮೂಲಿ ರಸ್ತೆಗಳ ಮೇಲೆ, ಬೆಟ್ಟ ಹತ್ತಿ ಇಳಿಯುವ ಓಟ ಅದು. ಬರೀ ಎಂಜಿನ್ನಿನಿಂದ ಅಲ್ಲಿ ಎರಡನೇ ಸ್ಥಾನ ಬರುವುದಿಲ್ಲ. ತಿರುವು ತಿರುವಿನಲ್ಲೂ ವೇಗ ಉಳಿಸಿಕೊಂಡರೆ ಮಾತ್ರ ಬರುತ್ತದೆ.

ಹುಬ್ಬಳ್ಳಿ ಗ್ಯಾರೇಜ್:

ಎಲ್ಲಾ ಸರಿ. ಕ್ಲಚ್ ಪ್ಲೇಟ್ ಬದಲಾಯಿಸಲು ಹಿಂದಿನ ಗಂಟೆಲ್ಲ ಇಳಿಸಬೇಕಲ್ಲ ಸರ್? ಇಷ್ಟು ಸೊಗಸಾದ ವ್ಯವಸ್ಥೆ ಆದರೆ ಎಲ್ಲರೂ ಯಾಕೆ ಅದನ್ನೇ ಮಾಡಲಿಲ್ಲ?

ಹಿಂಬದಿಗಾಲಿ:

ದುಡ್ಡು. ಅಷ್ಟು ಬಿಡಿಭಾಗ, ಅಷ್ಟು ಮೆಷಿನಿಂಗ್, ಮಾರಾಟವಾದ ಕಾರು ಮಾತ್ರ ಕಡಿಮೆ. 1955ರ ಹೊತ್ತಿಗೆ ಲಾಂಚಿಯಾ ಹಣದ ಮುಗ್ಗಟ್ಟಿಗೆ ಸಿಕ್ಕಿತು. ರೇಸ್ ಕಾರುಗಳು ಫೆರಾರಿ ಪಾಲಾದವು, ಕಂಪನಿ ಮನೆತನದ ಕೈತಪ್ಪಿತು. ಒಳ್ಳೇ ಎಂಜಿನಿಯರಿಂಗ್ ಕಂಪನಿಯನ್ನು ಉಳಿಸುತ್ತದೆ ಅಂತೇನಿಲ್ಲ. ಆ ವಿಷಯದಲ್ಲಿ ತಿರುವುದಾರಿ ಮೇಡಂ ಜಾಗ್ವಾರ್ ಬೆಲೆಯ ಬಗ್ಗೆ ಹೇಳಿದ ಮಾತಿಗೆ ನಾನು ಪೂರ್ತಿ ತಲೆಬಾಗುತ್ತೇನೆ.

ತಿರುವುದಾರಿ:

ಒಂದು ಮುಖ್ಯ ವಿಷಯ ಬಿಟ್ಟಿರಿ. ಮೊದಲ ಬಿ20ಗಳ ಹಿಂದೆ ಸೆಮಿ ಟ್ರೇಲಿಂಗ್ ಆರ್ಮ್ ಇತ್ತು. ಪ್ರತಿ ಚಕ್ರಕ್ಕೂ ಓರೆಯಾಗಿ ಕೂರಿಸಿದ ತೋಳು. ಸ್ವಿಂಗ್ ಆಕ್ಸಲ್‌ಗಿಂತ ಎಷ್ಟೋ ಮೇಲು, ಆದರೆ ಅದರಲ್ಲೂ ಚಕ್ರ ಸ್ವಲ್ಪ ವಾಲುತ್ತದೆ. 1954ರ ನಾಲ್ಕನೇ ಸರಣಿಯಲ್ಲಿ ಅದನ್ನು ಬಿಟ್ಟು ಡಿ ಡಿಯೊನ್ ಕೊಳವೆ ಹಾಕಿದರು. ಎರಡು ಚಕ್ರಗಳನ್ನೂ ಒಂದು ಹಗುರ ಕೊಳವೆ ಸೇರಿಸುತ್ತದೆ, ಡಿಫರೆನ್ಶಿಯಲ್ ಮಾತ್ರ ಬಾಡಿಗೆ ಕಟ್ಟಿರುತ್ತದೆ. ಚಕ್ರ ಎಷ್ಟು ಕುಣಿದರೂ ನೆಟ್ಟಗೆ ನಿಲ್ಲುತ್ತದೆ.

ಗಮನಿಸಿ, ಅದೇ 1954ರಲ್ಲಿ ಮರ್ಸಿಡಿಸ್ ಸ್ವಿಂಗ್ ಆಕ್ಸಲ್ ಇಟ್ಟು ಗಲ್‌ವಿಂಗ್ ಹೊರತಂದಿತು. ಸ್ವತಂತ್ರ ಸಸ್ಪೆನ್ಷನ್ ಅಂದ ಮಾತ್ರಕ್ಕೆ ಒಳ್ಳೆಯದಲ್ಲ, ಟೈರು ರಸ್ತೆಯ ಮೇಲೆ ಹೇಗೆ ಕೂರುತ್ತದೆ ಅನ್ನುವುದೇ ಮುಖ್ಯ ಅಂತ ಲಾಂಚಿಯಾದವರಿಗೆ ಆಗಲೇ ಗೊತ್ತಾಗಿತ್ತು. ಆ ಹೊತ್ತಿಗೆ ಎಂಜಿನ್ನೂ 2,451 ಸಿಸಿಗೆ ಏರಿತ್ತು. ನಾನು ಹಿಂಬದಿಗಾಲಿ ಅವರ ಪಕ್ಷ.

ಆಡುಗೋಡಿ ಹಳಬ:

ನನ್ನ ಪಂಪಿನ ಪಕ್ಷ ನಾನು ಬಿಡುವುದಿಲ್ಲ. ಆದರೆ ಒಂದು ಕೇಳಬೇಕು. ಲಾಂಚಿಯಾ ದಾರಿಯನ್ನು ಆಮೇಲೆ ಯಾರಾದರೂ ಹಿಡಿದರೇ?

ಹಿಂಬದಿಗಾಲಿ:

ಹಿಡಿದರು ಸರ್. 1972ರಲ್ಲಿ ಆಲ್ಫಾ ರೋಮಿಯೊ ಆಲ್ಫೆಟ್ಟಾ ಬಂತು, ಆಮೇಲೆ ಅದರ ಕೂಪೆ. ಗೇರ್‌ಬಾಕ್ಸ್ ಹಿಂದೆ, ಡಿ ಡಿಯೊನ್ ಕೊಳವೆ, ಹಿಂದಿನ ಬ್ರೇಕ್ ಒಳಗೆ. ಪೋರ್ಷೆ ಕೂಡ 924, 928ರಲ್ಲಿ ಗೇರ್‌ಬಾಕ್ಸನ್ನು ಹಿಂದಕ್ಕೆ ಕಳಿಸಿತು. ಹಿಂದೆ ಎಂಜಿನ್ ಇಡುವುದರಲ್ಲೇ ಹೆಸರು ಮಾಡಿದ ಕಂಪನಿ ಹೀಗೆ ಮಾಡಿತು ಅನ್ನುವುದನ್ನು ಗಾಳಿತಂಪು ಅವರು ಗಮನಿಸಬೇಕು.

1980ರಲ್ಲಿ ಆಲ್ಫಾದವರು ಆ ಕೂಪೆಗೆ 2.5 ಲೀಟರ್‌ನ ವಿ6 ಎಂಜಿನ್ ಹಾಕಿ ಜಿಟಿವಿ6 ಅಂತ ಕರೆದರು. 60 ಡಿಗ್ರಿ ಕೋನ, 2,492 ಸಿಸಿ. ಕ್ಲಚ್, ಗೇರ್‌ಬಾಕ್ಸ್ ಹಿಂದೆ. ಬ್ರೇಕ್ ಒಳಗೆ. ಡಿ ಡಿಯೊನ್ ಕೊಳವೆ. 1954ರ ಬಿ20ಯ ಪಟ್ಟಿ ಪಕ್ಕದಲ್ಲಿ ಇಟ್ಟು ನೋಡಿ. ಡ್ರಮ್ ಹೋಗಿ ಡಿಸ್ಕ್ ಬಂದಿದೆ, ಕಾರ್ಬುರೇಟರ್ ಹೋಗಿ ನಿಮ್ಮ ಬಾಷ್‌ನ ಇಂಜೆಕ್ಷನ್ ಬಂದಿದೆ. ಉಳಿದದ್ದೆಲ್ಲ ಹೆಚ್ಚುಕಡಿಮೆ ಅದೇ.